ರುಚಿ ನೋಡದ ಸಾರು

ಸಾರು ಕುದಿ ಬಂದ ಮೇಲೆ ಚಮಚದಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು ನೋಡುವುದು ಈಗ ನನಗೆ ಅಭ್ಯಾಸ. ನಮ್ಮ ಕಡೆಯ ಹಳಬರು ಯಾರಾದರೂ ಅಡಿಗೆಮನೆಯಲ್ಲಿ ನಿಂತು ಇದನ್ನು ಕಂಡರೆ ಮುಖ ಆ ಕಡೆಗೆ ತಿರುಗಿಸುತ್ತಾರೆ. ತಿರುಗಿಸಲಿ ಬಿಡಿ. ಮೂವತ್ತು ದಾಟುವವರೆಗೆ ನಾನೂ ಅವರ ಹಾಗೆಯೇ ಮುಖ ತಿರುಗಿಸುತ್ತಿದ್ದವಳು. ಈ ಅಭ್ಯಾಸ ನನಗೆ ಹತ್ತಿದ್ದು ಅಮೆರಿಕದ ಓಕ್ಲ್ಯಾಂಡಿನಲ್ಲಿ, ಚರ್ಚಿನ ಸಿಸ್ಟರುಗಳು ನಡೆಸುತ್ತಿದ್ದ ಒಂದು ಹೆಂಗಸರ ಮನೆಯಲ್ಲಿ. ಹತ್ತಿಸಿದವರು ಅಲ್ಲಿ ಹಸಿರು ಕೋಟು ಹಾಕಿಕೊಂಡು ಕೂರುತ್ತಿದ್ದ ಒಬ್ಬ ಹೆಂಗಸು.

ಎಂಬತ್ತರ ದಶಕದ ನಡುವಿನ ಮಾತು. ನಾವು ಯೂನಿಯನ್ ಸಿಟಿಯಲ್ಲಿ ಮಹಡಿ ಮೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರು ದಿನಾ ಬೆಳಿಗ್ಗೆ ಸೇತುವೆ ದಾಟಿ ಫಾಸ್ಟರ್ ಸಿಟಿ ಕಡೆಯ ಆಫೀಸಿಗೆ ಹೋಗುತ್ತಿದ್ದರು. ಮಗಳು ಸ್ಕೂಲಿಗೆ. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ನಮ್ಮತ್ತೆ. ಆರು ತಿಂಗಳು ಇದ್ದು ಹೋಗುತ್ತೇನೆಂದು ಮೈಸೂರಿನಿಂದ ಬಂದಿದ್ದ ಅತ್ತೆ, ಮೊಮ್ಮಗಳ ಮುಖ ನೋಡಿ ಅಲ್ಲಿಯೇ ನಿಂತುಬಿಟ್ಟಿದ್ದರು. ನನ್ನ ಬಿ.ಎಸ್ಸಿ. ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಗಳ ಅಡಿ ಮಲಗಿತ್ತು. ಇಬ್ಬರು ಹೆಂಗಸರು ಒಂದು ಸಣ್ಣ ಅಡಿಗೆಮನೆಯಲ್ಲಿ ಇಡೀ ದಿನ ಇದ್ದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ವಾರಕ್ಕೆರಡು ದಿನ ಹತ್ತಿರದ ಚರ್ಚಿನ ಹಾಲಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಅಲ್ಲಿಯ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಓಕ್ಲ್ಯಾಂಡಿನ ಹೆಂಗಸರ ಮನೆಯಲ್ಲಿ ಸಂಜೆ ಅಡಿಗೆಗೆ ಒಬ್ಬರು ಬೇಕು, ಹನ್ನೆರಡು ಜನಕ್ಕೆ ಬೇಯಿಸಲು ಬರಬೇಕು ಎಂದು ಬರೆದಿತ್ತು. ಹನ್ನೆರಡು ಜನ ಅಂದರೆ ನಮ್ಮ ಕಡೆ ಹಬ್ಬದ ಊಟವೂ ಅಲ್ಲ, ಯಾರೋ ನಾಲ್ಕು ಜನ ಹೇಳದೆ ಬಂದ ದಿನದ ಊಟ. ಚೀಟಿಯನ್ನು ಕಿತ್ತು ಪರ್ಸಿನಲ್ಲಿ ಹಾಕಿಕೊಂಡು ಮರುದಿನವೇ ಟ್ರೇನು ಹತ್ತಿದೆ.

ಚರ್ಚಿನ ಪಕ್ಕದಲ್ಲಿ ಎರಡಂತಸ್ತಿನ ಹಳೆಯ ಮರದ ಮನೆ. ಬಾಗಿಲು ತೆಗೆದ ಸಿಸ್ಟರ್ ಗಿಡ್ಡಗಿದ್ದರು, ಅರವತ್ತರ ಆಸುಪಾಸು. ಬಿಳಿ ಶಿರವಸ್ತ್ರ ಗಿರವಸ್ತ್ರ ಏನೂ ಇಲ್ಲ, ಬೂದು ಸ್ವೆಟರು, ಕತ್ತಿನಲ್ಲಿ ಸಣ್ಣ ಶಿಲುಬೆ. ನೆಲೆ ಕಳೆದುಕೊಂಡ ಹತ್ತು ಜನ ಹೆಂಗಸರು ಅಲ್ಲಿರುತ್ತಾರೆ, ಕೆಲಸ ಹುಡುಕಿಕೊಂಡು ಸ್ವಂತದ್ದೊಂದು ರೂಮು ಸಿಗುವ ತನಕ, ಹೆಚ್ಚೆಂದರೆ ಆರು ತಿಂಗಳು, ಅಂತ ವಿವರಿಸಿದರು. ಆಮೇಲೆ ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ಪ್ರಾರ್ಥನೆಗೆ ಬರಲೇಬೇಕು ಅಂತ ನಾವು ಯಾರಿಗೂ ಹೇಳಲ್ಲ. ಆದ್ರೆ ಸಂಜೆ ಊಟಕ್ಕೆ ಎಲ್ರೂ ಒಂದೇ ಟೇಬಲ್ಲಿಗೆ ಬರಲೇಬೇಕು."

ನಾನು ಮಾಂಸ, ಮೊಟ್ಟೆ ಮುಟ್ಟುವುದಿಲ್ಲವೆಂದೆ. ಕೆಲಸ ಇಲ್ಲಿಗೇ ಮುಗಿಯಿತು ಅಂದುಕೊಂಡು ಪರ್ಸನ್ನು ಹೆಗಲಿಗೇರಿಸಿದ್ದೆ. ಸಿಸ್ಟರ್ ನಕ್ಕರು. "ನಮಗೆ ಜನ ತಂದುಕೊಡೋದು ಅಕ್ಕಿ, ಬೇಳೆ, ಆಲೂಗಡ್ಡೆ, ಬ್ರೆಡ್ಡು. ಮಾಂಸ ಬಂದ್ರೆ ಭಾನುವಾರ ನಾನು ಬೇಯಿಸ್ತೀನಿ. ನೀವು ಸೋಮವಾರದಿಂದ ಬನ್ನಿ."

ಮನೆಗೆ ಬಂದು ಹೇಳಿದಾಗ ನಮ್ಮವರು, "ಅಮ್ಮ ಒಪ್ಪಿದ್ರೆ ನಂದೇನೂ ಇಲ್ಲ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅತ್ತೆ ಹೂವು ಕಟ್ಟುವವರ ಹಾಗೆ ಕೊತ್ತಂಬರಿ ಬಿಡಿಸುತ್ತ ಕೂತಿದ್ದರು.

"ಹಸಿದೋರಿಗೆ ಅನ್ನ ಹಾಕೋ ಕೆಲಸ ಬೇಡ ಅನ್ನೋಕೆ ನಾನ್ಯಾರು, ಹೋಗು" ಅಂದರು. "ಆದ್ರೆ ಅಲ್ಲಿ ಒಂದು ಅಗಳೂ ಬಾಯಿಗೆ ಹಾಕಕೂಡದು. ಯಾವ ಪಾತ್ರೆಯಲ್ಲಿ ಏನೇನು ಬೇಯಿಸಿರ್ತಾರೋ."

"ಆಯ್ತು ಅತ್ತೆ."

"ಆಯ್ತು ಅಂದ್ರೆ ಆಗಲ್ಲ. ಮಾತು ಕೊಡು."

ಕೊತ್ತಂಬರಿಯ ಕೈ ಚಾಚಿದರು. ನಾನು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಆಗ ಅದೇನೂ ದೊಡ್ಡದೆನಿಸಲಿಲ್ಲ. ಹೊರಗೆ ತಿನ್ನುವ ಆಸೆ ನನಗೂ ಇರಲಿಲ್ಲ.

ಇನ್ನೊಂದು ಮಾತು. ಅಡಿಗೆ ಮಾಡುವಾಗ ರುಚಿ ನೋಡಬಾರದೆಂಬುದು ನಮ್ಮಲ್ಲಿ ಹುಟ್ಟಿನಿಂದ ಬಂದದ್ದು. ದೇವರಿಗೆ ಎಡೆಯಿಡುವ ಮೊದಲು ಬಾಯಿಗೆ ಹಾಕಿದರೆ ಅದು ಎಂಜಲು. ದೇವರಿಗಷ್ಟೇ ಅಲ್ಲ, ಮನುಷ್ಯರಿಗೂ ಎಂಜಲು ಬಡಿಸಬಾರದು. ಉಪ್ಪು ಸರಿಯಾಗಿದೆಯೇ ಎಂದು ನಮ್ಮಮ್ಮ ಹಬೆಯ ವಾಸನೆಯಲ್ಲಿ ಹೇಳುತ್ತಿದ್ದಳು. ನಾನು ಕೈಯಳತೆಯವಳು. ಬೆರಳ ತುದಿಗೆ ಎಷ್ಟು ಉಪ್ಪು ಬಂತೆಂದು ನನ್ನ ಬೆರಳಿಗೇ ಗೊತ್ತು ಅಂತ ಜಂಬ ಬೇರೆ. ಹಾಗಾಗಿ ಆ ಮನೆಯಲ್ಲೂ ರುಚಿ ನೋಡದೆಯೇ ಮಾಡಿ, ಟೇಬಲ್ಲಿನ ಮೇಲೆ ಪಾತ್ರೆಗಳನ್ನಿಟ್ಟು, ಅವರು ಪ್ರಾರ್ಥನೆ ಮುಗಿಸಿ ಉಣ್ಣಲು ಶುರುಮಾಡಿದಾಗ ಏಪ್ರನ್ ಬಿಚ್ಚಿ, ಕೋಟು ಹಾಕಿಕೊಂಡು, ಆರೂ ನಲವತ್ತರ ಟ್ರೇನಿಗೆ ಓಡುತ್ತಿದ್ದೆ. ಅದು ಮರ್ಯಾದೆಯ ನಡವಳಿಕೆ ಅಂತಲೇ ನನ್ನ ಎಣಿಕೆ. ಅವರ ಊಟದಲ್ಲಿ ನಾನು ಪಾಲು ಕೇಳುತ್ತಿಲ್ಲವಲ್ಲ.

ಆ ಅಡಿಗೆಮನೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕು ಬರ್ನರಿನ ಹಳೆಯ ಗ್ಯಾಸ್ ಒಲೆ, ಅದರಲ್ಲಿ ಎಡಗಡೆಯದಕ್ಕೆ ಬೆಂಕಿಕಡ್ಡಿ ಗೀರಿಯೇ ಹಚ್ಚಬೇಕು. ಕಿಟಕಿಯಾಚೆ ಮನೆಗಳ ತಲೆಯ ಮೇಲಿಂದ ಬಂದರಿನ ಕ್ರೇನುಗಳು ಕಾಣುತ್ತಿದ್ದವು, ಗಾಳಿ ಈ ಕಡೆಗೆ ಬೀಸಿದರೆ ಹಡಗಿನ ಕೂಗು. ನಾಲ್ಕು ಗಂಟೆಗೆ ಕೆಲಸ ಹುಡುಕಲು ಹೋದವರು ಒಬ್ಬೊಬ್ಬರೇ ಹಿಂದಿರುಗುತ್ತಿದ್ದರು. ಶೂಗಳನ್ನು ಬಿಚ್ಚಿ, ಕಾಲು ತಿಕ್ಕಿಕೊಳ್ಳುತ್ತ, ಕೇಳದೆಯೇ ಚಾಕು ತೆಗೆದುಕೊಂಡು ಆಲೂಗಡ್ಡೆ ಸುಲಿಯಲು ಕೂರುತ್ತಿದ್ದರು. ನನ್ನ ಸಾರಿಗೆ ಅವರಿಟ್ಟ ಹೆಸರು ಕೆಂಪು ಸೂಪು. ಅನ್ನಕ್ಕೆ ಕಲಸಿಕೊಳ್ಳಿರೆಂದು ಎಷ್ಟು ಹೇಳಿದರೂ ಕಪ್ಪಿನಲ್ಲಿ ಹಾಕಿಕೊಂಡು ಕುಡಿಯುವರು. ಕುಡಿದು, ಮೂಗೊರೆಸಿಕೊಂಡು, ಇನ್ನಷ್ಟು ಹಾಕಿಸಿಕೊಳ್ಳುವರು. ನಮ್ಮತ್ತೆ ಮೈಸೂರಿನಿಂದ ತರಿಸಿದ ಬ್ಯಾಡಗಿ ಮೆಣಸಿನಕಾಯಿ ಹುರಿದು ಮಾಡಿದ ಸಾರಿನಪುಡಿ ಅದು. ನಾನು ಕದ್ದು ಒಯ್ಯುತ್ತಿದ್ದೆ, ಅತ್ತೆಗೆ ಗೊತ್ತಿತ್ತು, ಇಬ್ಬರೂ ಸುಮ್ಮನಿದ್ದೆವು.

ಹೀಗೆ ಒಂದು ವರ್ಷ ಕಳೆಯಿತು. ಆ ವರ್ಷದ ಚಳಿ ಶುರುವಾಗುವಾಗ ಹಸಿರು ಕೋಟಿನವಳು ಬಂದಳು.

ಅವಳು ಅನ್ನುತ್ತಿದ್ದೇನೆ, ಕ್ಷಮಿಸಿ. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದವಿರುವುದರಿಂದ ನನ್ನ ಮನಸ್ಸಿನಲ್ಲಿ ಯಾರು ಅವಳು, ಯಾರು ಅವರು ಅಂತ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮೊದಲ ತಿಂಗಳು ಆಕೆ ನನಗೆ ಅವಳೇ ಆಗಿದ್ದಳು. ಅರವತ್ತು ದಾಟಿದ, ಎತ್ತರದ, ಕಪ್ಪು ಹೆಂಗಸು. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷ ಹಾಸಿಗೆ ಬಟ್ಟೆ ಒಗೆದು, ಗಂಡ ಸತ್ತು, ಬಾಡಿಗೆ ಮನೆ ಹೋಗಿ, ಎರಡು ಚಳಿಗಾಲ ಫ್ರೀವೇ ಸೇತುವೆಯ ಕೆಳಗೆ ಕಳೆದು ಬಂದವಳು. ಒಳಗೆ ಹೀಟರ್ ಉರಿಯುತ್ತಿದ್ದರೂ ಆ ಹಸಿರು ಕೋಟನ್ನು ಬಿಚ್ಚುತ್ತಿರಲಿಲ್ಲ. ಸಂಜೆಯಾದರೆ ಅಡಿಗೆಮನೆಯ ಬಾಗಿಲಿನ ಎದುರಿಗೇ ಕುರ್ಚಿ ಹಾಕಿಕೊಂಡು ಕೂತು ನನ್ನನ್ನೇ ನೋಡುವಳು. ಮಾತಿಲ್ಲ ಕತೆಯಿಲ್ಲ. ಊಟದ ಹೊತ್ತಿಗೆ ಎಲ್ಲರ ಜೊತೆ ಟೇಬಲ್ಲಿಗೆ ಬರುವಳು, ತಟ್ಟೆಯನ್ನು ಮುಂದಿಟ್ಟುಕೊಳ್ಳುವಳು, ಮುಟ್ಟುತ್ತಿರಲಿಲ್ಲ. ಪ್ಯಾಕೆಟ್ಟಿನ ಬ್ರೆಡ್ಡು ಎರಡು ತುಂಡು, ತಾನೇ ಸುಲಿದ ಬಾಳೆಹಣ್ಣು, ಅಷ್ಟೇ.

ನನಗೆ ಉರಿದುಹೋಯಿತು. ನಾನು ಮಾಡಿದ ಸಾರನ್ನು ತಳ್ಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಮನಸ್ಸಿನಲ್ಲೇ ಬೈದೆ. ಆ ಮಾತು ನೆನಪಾದರೆ ಈಗ ನಾಚಿಕೆಯಾಗುತ್ತದೆ.

ಒಂದು ಸೋಮವಾರ ಸಿಸ್ಟರ್ ನನ್ನನ್ನು ಹಿತ್ತಲ ಮೆಟ್ಟಿಲಿಗೆ ಕರೆದರು. ಆಕೆಯ ತೂಕ ಇಳಿಯುತ್ತಲೇ ಇದೆಯಂತೆ. ಶುಕ್ರವಾರ ನರ್ಸ್ ಬರುತ್ತಾರೆ. ಆಕೆ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ನರ್ಸ್ ಬರೆದರೆ ಈ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಆಸ್ಪತ್ರೆಯ ವಾರ್ಡಿಗೆ ಸಾಗಿಸುತ್ತಾರೆ. ಈ ಹಾಸಿಗೆ ಮತ್ತೊಬ್ಬರಿಗೆ ಹೋಗುತ್ತದೆ.

"ಯಾವ ವಾರ್ಡಿನ ಬಟ್ಟೆ ಇಪ್ಪತ್ತು ವರ್ಷ ಒಗೆದ್ರೋ ಅಂಥಾ ವಾರ್ಡಿಗೇ ಹೋಗಿ ಮಲಗೋಕೆ ಅವರಿಗೆ ಭಯ" ಅಂದರು ಸಿಸ್ಟರ್. "ಅಲ್ಲಿಗೆ ಹೋದೋರು ವಾಪಸ್ ಬರೋದನ್ನ ನಾನು ನೋಡಿಲ್ಲ ಅಂತ ಹೇಳ್ತಾರೆ. ಏನಾದ್ರೂ ತಿನ್ನೋ ಹಾಗೆ ಮಾಡಿ."

ಮಂಗಳವಾರ ಖಾರವಿಲ್ಲದ ಪೊಂಗಲ್ ಮಾಡಿದೆ, ಬೆಣ್ಣೆ ಹಾಕಿ. ಮುಟ್ಟಲಿಲ್ಲ. ಉಳಿದವರು ತಳ ಕೆರೆದುಕೊಂಡು ತಿಂದರಂತೆ.

ಬುಧವಾರ ಸಾರು. ಉಪ್ಪು ಹಾಕುತ್ತಿರುವಾಗ ಸಿಸ್ಟರ್ ಫೋನಿಗೆ ಕರೆದರು, ಮಗಳಿಗೆ ಮೈ ಬೆಚ್ಚಗಿದೆಯೆಂದು ಅತ್ತೆಯ ಫೋನು. ಮಾತಾಡಿ ಬಂದವಳು ಮತ್ತೆ ಉಪ್ಪು ಹಾಕಿದೆ. ಟೇಬಲ್ಲಿಗಿಟ್ಟು ಕೋಟಿಗೆ ಕೈಹಾಕುವಷ್ಟರಲ್ಲಿ ಮೊದಲ ಗುಟುಕು ಕುಡಿದವರು ಕೆಮ್ಮಿದರು. ಒಬ್ಬಳು ನೀರಿಗೆ ಓಡಿದಳು. ಎಲ್ಲರೂ ನಗತೊಡಗಿದರು, ನಾನೂ ನಗುತ್ತಿದ್ದೆನೋ ಏನೋ. ಆಗ ಹಸಿರು ಕೋಟಿನವಳು ಬಾಯಿಬಿಟ್ಟಳು.

"ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಯಾವತ್ತೂ ರುಚಿ ನೋಡಲ್ಲ. ನಾನು ಬಂದಾಗಿನಿಂದ ನೋಡ್ತಾ ಇದೀನಿ. ಒಂದು ದಿನ ಚಮಚ ಬಾಯಿಗಿಟ್ಟಿಲ್ಲ. ನಮ್ಮ ಜೊತೆ ಒಂದು ದಿನ ಕೂತಿಲ್ಲ."

ನನ್ನ ಕೋಪ ನೆತ್ತಿಗೇರಿತು. ಇವರಿಗೋಸ್ಕರ ಶುದ್ಧವಾಗಿ ಮಾಡಿ ಬಡಿಸುತ್ತೇನೆ, ಅದನ್ನೇ ತಪ್ಪು ಅನ್ನುತ್ತಾಳಲ್ಲ. ವಿವರಿಸಿಬಿಡೋಣವೆಂದು ಹೊರಟೆ. ಎಂಜಲಿಗೆ ಇಂಗ್ಲಿಷಿನಲ್ಲಿ ಏನು? ಬಿ.ಎಸ್ಸಿ. ಓದಿದ ತಲೆಯೆಲ್ಲ ಹುಡುಕಿದರೂ ಆ ಗಳಿಗೆಗೆ ಸಿಕ್ಕಿದ್ದು ಒಂದೇ ಪದ, ಸ್ಪಿಟ್. ಹತ್ತು ಜನ ಹೆಂಗಸರ ಮುಂದೆ ನಿಂತು, ಎದೆ ಸೆಟೆಸಿ, "ನಿಮ್ಮ ಸೂಪಿನಲ್ಲಿ ನಾನು ಯಾವತ್ತೂ ಸ್ಪಿಟ್ ಹಾಕಲ್ಲ" ಅಂದೆ.

ಅಲ್ಲಿಯವರೆಗೆ ಯಾರ ತಲೆಯಲ್ಲೂ ಇಲ್ಲದ ಯೋಚನೆಯದು. ಉಗುಳು ಅಂತ ಅಡಿಗೆಯವಳೇ ಹೇಳಿದ ಮೇಲೆ ಕೇಳಬೇಕೆ? ಒಬ್ಬಳು ಕಪ್ಪನ್ನು ಮೆಲ್ಲಗೆ ಆಚೆ ಸರಿಸಿದಳು. ಇನ್ನೊಬ್ಬಳು ಕಪ್ಪಿನೊಳಗೆ ಇಣುಕಿ ನೋಡಿದಳು. ನಾನು ಸರಿಪಡಿಸಲು ಹೋಗಿ, ನಾನು ತಿಂದು ಕೊಟ್ಟರೆ ಅದು ಕೊಳಕಾಗುತ್ತದೆ ಅಂದೆ. ಇನ್ನೂ ಕೆಟ್ಟಿತು.

ಹಸಿರು ಕೋಟಿನವಳು ಮಾತ್ರ ಕದಲಲಿಲ್ಲ. ಮೆಲುದನಿಯಲ್ಲಿ, ಯಾರಿಗೂ ಬೈಯದೆ ಹೇಳಿದಳು. ಸೇತುವೆಯ ಕೆಳಗಿದ್ದಾಗ ಒಂದು ಸಂಜೆ ಯಾರೋ ವ್ಯಾನಿನಲ್ಲಿ ಬಂದು ಎಲ್ಲರಿಗೂ ಊಟದ ಡಬ್ಬಿ ಕೊಟ್ಟರಂತೆ. ಒಳ್ಳೆಯ ಜನ, ನಗುನಗುತ್ತ ನಿಂತು ಇವರು ತಿನ್ನುವುದನ್ನು ನೋಡಿದರು. ಅವರು ಯಾರೂ ಒಂದು ತುತ್ತು ಬಾಯಿಗಿಡಲಿಲ್ಲ. ಆ ಊಟ ಕೆಟ್ಟಿತ್ತು. ಇವಳು ಒಂದು ವಾರ ಮೇಲೇಳಲಿಲ್ಲ. ಪಕ್ಕದಲ್ಲಿ ಮಲಗುತ್ತಿದ್ದ ಗೆಳತಿಯನ್ನು ವಾರ್ಡಿಗೆ ಒಯ್ದರು, ಅವಳು ಹಿಂದಿರುಗಿ ಬರಲಿಲ್ಲ.

"ಅವತ್ತಿಂದ ನಂದು ಒಂದೇ ನಿಯಮ" ಅಂದಳು. "ಬಡಿಸಿದೋರು ಉಣ್ಣದ್ದನ್ನ ನಾನು ಉಣ್ಣಲ್ಲ. ಶುಕ್ರವಾರ ಏನಾಗತ್ತೆ ಅಂತ ನನಗೂ ಗೊತ್ತು."

ನಾನು ಕೋಟು ಹಾಕಿಕೊಂಡು ಹೊರಟುಬಿಟ್ಟೆ. ಟ್ರೇನಿನಲ್ಲಿ ಕೂತ ಮೇಲೆ ಕೋಪ ಇಳಿಯಿತು, ಇಳಿದ ಮೇಲೆ ಒಂದು ವಿಷಯ ಹೊಳೆಯಿತು. ಅದು ಮಡಿ. ನಮ್ಮತ್ತೆ ಒಗೆದ ಸೀರೆಯುಟ್ಟು ಒಲೆಯ ಮುಂದೆ ಕಾಯುವುದೂ ಮಡಿ, ಆಕೆ ಹಸಿರು ಕೋಟು ಹಾಕಿಕೊಂಡು ಬಾಗಿಲ ಮುಂದೆ ಕಾಯುವುದೂ ಮಡಿ. ಅತ್ತೆಯ ಮಡಿ ನಾನು ತಿಂದರೆ ಕೆಡುತ್ತದೆ, ಆಕೆಯದು ನಾನು ತಿನ್ನದಿದ್ದರೆ ಕೆಡುತ್ತದೆ. ಇಬ್ಬರ ನಡುವೆ ಸಿಕ್ಕಿಕೊಂಡವಳು ನಾನು. ಯೂನಿಯನ್ ಸಿಟಿ ಬಂದದ್ದೂ ಗೊತ್ತಾಗದೆ ಮುಂದಿನ ಸ್ಟೇಷನ್ನಿನವರೆಗೆ ಹೋಗಿ ಹಿಂದಿರುಗಿದೆ.

ಮಗಳ ಜ್ವರ ಅಷ್ಟು ಹೊತ್ತಿಗೆ ಇಳಿದಿತ್ತು. ಗುರುವಾರ ಬೆಳಿಗ್ಗೆ ಅತ್ತೆ ಮಜ್ಜಿಗೆ ಕಡೆಯುತ್ತಿದ್ದಾಗ ಹತ್ತಿರ ಹೋಗಿ ನಿಂತೆ.

"ಅತ್ತೆ, ಕೊಟ್ಟ ಮಾತನ್ನ ವಾಪಸ್ ತೊಗೊಳ್ಳೋಕಾಗತ್ತಾ?"

"ಮಾತೇನು ಗ್ರೋಸರಿ ಅಂಗಡಿ ಸಾಮಾನಾ, ರಸೀದಿ ತೋರಿಸಿ ವಾಪಸ್ ಕೊಡೋಕೆ?" ಅಂದರು, ಕಡೆಗೋಲು ನಿಲ್ಲಿಸದೆ. ಯಾಕೆ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆ, ಬೇಡ ಅಂದ ಮೇಲೆ ಮಾಡುವ ಧೈರ್ಯ ನನಗಿಲ್ಲ ಅಂತ ಗೊತ್ತಿತ್ತು.

ಆ ಸಂಜೆಯೂ ಸಾರೇ ಮಾಡಿದೆ. ಹಿಂದಿನ ದಿನದ ಹೆದರಿಕೆಗೆ ಉಪ್ಪು ಹಾಕಲು ಕೈಯೇ ಬರಲಿಲ್ಲ, ಒಂದು ಚಿಟಿಕೆ ಹಾಕಿ ಬಿಟ್ಟೆ. ಎಲ್ಲರೂ ಕೂತ ಮೇಲೆ ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಹೊತ್ತು ತಂದು ಹಸಿರು ಕೋಟಿನವಳ ಎದುರಿಗೆ ಇಟ್ಟೆ. ಸೌಟಿನಲ್ಲಿ ಸ್ವಲ್ಪ ಎತ್ತಿ ಎಡಗೈಯ ಅಂಗೈಗೆ ಬಿಟ್ಟುಕೊಳ್ಳಲು ಹೋದೆ. ಹಾಗೆ ಮಾಡಿದರೆ ಸೌಟು ಬಾಯಿಗೆ ತಾಗುವುದಿಲ್ಲ, ಎಂಜಲಾಗುವುದಿಲ್ಲ. ಅಲ್ಲಿಯೂ ನನ್ನ ಜಾಣತನ.

"ಹಾಗಲ್ಲ" ಅಂದಳು. "ಚಮಚದಲ್ಲಿ. ಜನ ತಿನ್ನೋ ಹಾಗೆ."

ಅವಳ ತಟ್ಟೆಯ ಪಕ್ಕದಲ್ಲಿದ್ದ ಚಮಚ ತೆಗೆದುಕೊಂಡೆ. ಅತ್ತೆಯ ಕೊತ್ತಂಬರಿ ವಾಸನೆಯ ಕೈ ಕಣ್ಮುಂದೆ ಬಂತು. ಅದ್ದಿ ಬಾಯಿಗಿಟ್ಟೆ.

ಸಪ್ಪೆ. ಶುದ್ಧ ಸಪ್ಪೆ. ಇಂಥ ಸಾರನ್ನು ಬಡಿಸಿ ನಾನು ಟ್ರೇನು ಹತ್ತುವವಳಿದ್ದೆ. ಬಾಯಿಂದ ತಾನಾಗಿ ಕನ್ನಡ ಬಂತು, "ಉಪ್ಪು." ಒಳಗೆ ಹೋಗಿ ಡಬ್ಬಿ ತಂದೆ, ಹಾಕಿದೆ, ಕಲಕಿದೆ, ಅದೇ ಚಮಚದಲ್ಲಿ ಮತ್ತೆ ನೋಡಿದೆ. ಇನ್ನೊಂದು ಚಿಟಿಕೆ. ಮತ್ತೆ ನೋಡಿದೆ. ಈಗ ಸರಿಯಾಗಿತ್ತು. ತಲೆಯೆತ್ತಿದರೆ ಹತ್ತು ಜನವೂ ನನ್ನ ಬಾಯನ್ನೇ ನೋಡುತ್ತಿದ್ದರು.

ಚಮಚ ಬದಲಿಸೋಣವೆಂದು ಒಳಗೆ ಹೊರಟೆ. ಆಕೆ ನನ್ನ ಮಣಿಕಟ್ಟು ಹಿಡಿದು, ಬೆರಳು ಬಿಡಿಸಿ, ಆ ಚಮಚವನ್ನು ತೆಗೆದುಕೊಂಡರು. ಒರೆಸಲೂ ಇಲ್ಲ. ತಟ್ಟೆಗೆ ಅನ್ನ, ಅದರ ಮೇಲೆ ಸಾರು. ನಾನು ಎಷ್ಟು ಹೇಳಿದರೂ ಯಾರೂ ಮಾಡದಿದ್ದುದನ್ನು ಆಕೆ ಮಾಡಿದರು, ಕಲಸಿಕೊಂಡರು. ಉಂಡರು. ಪಕ್ಕದ ಕುರ್ಚಿಯನ್ನು ಕಾಲಿನಿಂದಲೇ ನನ್ನ ಕಡೆಗೆ ಸರಿಸಿದರು. ನಾನು ಕೂತೆ. ಯಾರೋ ನನಗೂ ತಟ್ಟೆ ಕೊಟ್ಟರು. ಅದರಲ್ಲಿ ಹಿಂದಿನ ಭಾನುವಾರ ಏನು ಬಡಿಸಿದ್ದರೋ, ಕೇಳಲು ಹೋಗಲಿಲ್ಲ. ಅಳು ಬರುತ್ತಿತ್ತು, ಅನ್ನದ ಜೊತೆಗೇ ನುಂಗಿದೆ. ಆರೂ ನಲವತ್ತರ ಟ್ರೇನು ಹೋಯಿತು, ಅದರ ನಂತರದ್ದೂ ಹೋಯಿತು.

ಶುಕ್ರವಾರ ನರ್ಸ್ ಬಂದಾಗ ಆಕೆ ಟೇಬಲ್ಲಿನಲ್ಲಿ ನನ್ನ ಪಕ್ಕದಲ್ಲೇ ಕೂತು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಹಾಸಿಗೆ ಉಳಿಯಿತು.

ಮನೆಯಲ್ಲಿ ಗುರುವಾರವೇ ಹೇಳಿಬಿಟ್ಟಿದ್ದೆ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ, ನಾನೀಗ ಎರಡು ಮನೆಯಲ್ಲಿ ಉಂಡವಳು. ಅತ್ತೆ ಪೂರ್ತಿ ಕೇಳಿದರು, ಎದ್ದು ಒಳಗೆ ಹೋದರು. ಮೂರು ದಿನ ಮಾತಿಲ್ಲ. ಬಡಿಸುವಾಗ ತಟ್ಟೆ ಕುಕ್ಕುವುದಿಲ್ಲ, ಬೈಯುವುದಿಲ್ಲ, ಸುಮ್ಮನೆ ನನ್ನನ್ನು ಬಿಟ್ಟು ಗೋಡೆಯನ್ನು ನೋಡುವುದು. ಬೈದಿದ್ದರೆ ವಾಸಿಯಿತ್ತು. ಸೋಮವಾರ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಬೆನ್ನ ಹಿಂದಿನಿಂದ ದನಿ ಬಂತು.

"ಆಕೆ ಉಂಡಳಾ?"

"ಉಂಡ್ರು ಅತ್ತೆ."

"ಹೊಟ್ಟೆ ತುಂಬಾ?"

"ಎರಡು ಸಲ ಹಾಕಿಸಿಕೊಂಡ್ರು."

"ಹೂಂ." ಒಂದು ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿದರು. ಹೊಸದಾಗಿ ಕುಟ್ಟಿದ ಸಾರಿನಪುಡಿ. "ಇನ್ಮೇಲೆ ಕದಿಯೋದು ಬೇಡ. ಕೇಳಿ ತೊಗೊಂಡು ಹೋಗು." ಮಾತು ಮುರಿದದ್ದರ ಬಗ್ಗೆ ಅವತ್ತೂ ಏನೂ ಅನ್ನಲಿಲ್ಲ, ಆಮೇಲೆಯೂ ಅನ್ನಲಿಲ್ಲ.

ಆ ಚಳಿಗಾಲದ ಸಂಜೆಗಳಷ್ಟು ಒಳ್ಳೆಯ ಸಂಜೆಗಳನ್ನು ನಾನು ಅಮೆರಿಕದಲ್ಲಿ ಆಮೇಲೆ ಕಂಡದ್ದು ಕಡಿಮೆ. ಬಾಗಿಲ ಎದುರಿನ ಕುರ್ಚಿ ಒಲೆಯ ಪಕ್ಕಕ್ಕೆ ಬಂತು. ಹಸಿರು ಕೋಟು ಗೂಟಕ್ಕೆ ಹೋಯಿತು. ಆಕೆ ನನ್ನ ಕೈಗೆ ಮೊದಲು ಚಮಚ ಕೊಡುವರು, ನಾನು ನೋಡಿದ ಮೇಲೆ ತಾವು ನೋಡುವರು, ಆಮೇಲೆ ನ್ಯಾಯಾಧೀಶರ ಹಾಗೆ ತೀರ್ಪು. ಅವರು ಕಲಿತ ಕನ್ನಡ ಒಂದೇ ಪದ, ಉಪ್ಪು. ಕಡಿಮೆಯಾದರೂ ಉಪ್ಪು, ಜಾಸ್ತಿಯಾದರೂ ಉಪ್ಪು, ಸರಿಯಾಗಿದ್ದರೆ ತಲೆಯಾಡಿಸಿ ಉಪ್ಪು. ಹುಬ್ಬು ನೋಡಿ ನಾನು ಅರ್ಥ ಮಾಡಿಕೊಳ್ಳಬೇಕು. ಆಸ್ಪತ್ರೆಯ ಲಾಂಡ್ರಿಯ ಕತೆಗಳನ್ನು ಹೇಳುವರು. ಯಾವ ಕಲೆ ಯಾವುದಕ್ಕೆ ಹೋಗುತ್ತದೆ ಅಂತ ನನ್ನ ಸೀರೆಗಳಿಗೆಲ್ಲ ಸಲಹೆ. ಆರು ತಿಂಗಳು ತುಂಬುವ ಮೊದಲೇ ಅವರಿಗೆ ಕೆರೆಯ ಹತ್ತಿರ ವಯಸ್ಸಾದವರ ಕಟ್ಟಡದಲ್ಲಿ ಒಂದು ಕೋಣೆ ಸಿಕ್ಕಿತು. ಹೊರಟ ದಿನ ಒಲೆಯ ಪಕ್ಕದ ಕುರ್ಚಿಯನ್ನು ಸಿಸ್ಟರ್ ಎತ್ತಿ ಟೇಬಲ್ಲಿಗೆ ಸೇರಿಸಿದರು. ನನಗೆ ಒಂದು ವಾರ ಅಡಿಗೆಯಲ್ಲಿ ಮನಸ್ಸೇ ಇರಲಿಲ್ಲ.

ಒಂದು ತಿಂಗಳಾದ ಮೇಲೆ ಆಕೆ ಫೋನು ಮಾಡಿ ಶನಿವಾರ ಮಧ್ಯಾಹ್ನ ಊಟಕ್ಕೆ ಕರೆದರು. ಮನೆಯಲ್ಲಿ ಹೇಳಿದೆ. ಅತ್ತೆ ತಲೆ ಬಾಚಿಕೊಳ್ಳುತ್ತ, "ನಾನೂ ಬರ್ತೀನಿ" ಅಂದರು. ನಾನು ಕಿವಿಯನ್ನು ನಂಬಲಿಲ್ಲ. ಆ ದೇಶಕ್ಕೆ ಬಂದು ಮೂರು ವರ್ಷದಲ್ಲಿ ನಮ್ಮತ್ತೆ ಹೊರಗೆ ಕುಡಿದದ್ದು ತಾವೇ ಒಯ್ದ ಫ್ಲಾಸ್ಕಿನ ನೀರು ಮಾತ್ರ. "ಮುಖ ನೋಡಿ ಬರ್ತೀನಿ. ಊಟ ನಿಂದು" ಅಂದು ಫ್ಲಾಸ್ಕು ತುಂಬಿಕೊಂಡರು.

ಒಂದೇ ಕೋಣೆ. ಒಂದು ಮಂಚ, ಎರಡು ಕುರ್ಚಿ, ಕಿಟಕಿಯಲ್ಲಿ ಕೆರೆಯ ಒಂದು ತುಂಡು. ಬಾಗಿಲ ಹಿಂದೆ ಗೂಟದಲ್ಲಿ ಹಸಿರು ಕೋಟು, ಒಗೆದು ಇಸ್ತ್ರಿ ಮಾಡಿದ್ದು. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗಿನವರೆಗೆ ನೋಡಿಕೊಂಡರು. ಆಕೆ ಒಲೆಯ ಮೇಲಿದ್ದ ಪಾತ್ರೆಯನ್ನು ಎತ್ತಿ ತಳವನ್ನು ಅತ್ತೆಗೆ ತೋರಿಸಿದರು. ಅಂಗಡಿಯ ಲೇಬಲ್ಲು ಅರ್ಧ ಸುಟ್ಟು ಇನ್ನೂ ಅಂಟಿಕೊಂಡಿತ್ತು.

"ಹೊಸ ಪಾತ್ರೆ, ಇದರಲ್ಲಿ ಇವತ್ತೇ ಮೊದಲು ಬೇಯಿಸಿದ್ದು ಅಂತ ನಿಮ್ಮತ್ತೆಗೆ ಹೇಳಿ. ಮಾಂಸ ಇಲ್ಲ. ಕಾಳು, ಅನ್ನ, ಅಷ್ಟೇ."

ನನ್ನ ಮಾತುಗಳಲ್ಲಿ ಎಲ್ಲೋ ಅತ್ತೆಯ ಮಡಿಯ ಸುದ್ದಿಯನ್ನು ಆಕೆ ಹಿಡಿದಿಟ್ಟುಕೊಂಡಿದ್ದರು. ಕನ್ನಡದಲ್ಲಿ ಹೇಳಿದೆ. ಅತ್ತೆ ಲೇಬಲ್ಲನ್ನು ನೋಡಿದರು, ಆಕೆಯನ್ನು ನೋಡಿದರು, ಫ್ಲಾಸ್ಕನ್ನು ಕಾಲ ಬಳಿ ಇಟ್ಟರು. "ಒಂದು ತುತ್ತು ಹಾಕು ಅನ್ನು" ಅಂದರು.

ಆಗಲೇ ಆದದ್ದು ಅದು. ಆಕೆ ತಟ್ಟೆಗೆ ಅನ್ನ ಹಾಕಿ, ಮೇಲೆ ಕಾಳಿನ ಗೊಜ್ಜಿನಂಥದ್ದನ್ನು ಸುರಿದು, ಚಮಚದಲ್ಲಿ ಒಂದು ತುತ್ತು ಎತ್ತಿ, ಅತ್ತೆಯ ಕಣ್ಣೆದುರಿಗೇ ತಮ್ಮ ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದು ನುಂಗಿದರು. ಅದೇ ಚಮಚವನ್ನು ಅದೇ ತಟ್ಟೆಯಲ್ಲಿಟ್ಟು ಎರಡೂ ಕೈಯಲ್ಲಿ ಅತ್ತೆಯ ಮುಂದೆ ಹಿಡಿದರು. ಅವರಿಗೆ ಗೊತ್ತಿದ್ದ ದೊಡ್ಡ ಮರ್ಯಾದೆ ಅದು. ಹೊಸ ಪಾತ್ರೆ, ಮಾಂಸವಿಲ್ಲದ ಅಡಿಗೆ, ಎಂಜಲು ತಟ್ಟೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ಕೈಯೆತ್ತಿ ನನ್ನನ್ನು ತಡೆದರು.

ತಟ್ಟೆ ತೆಗೆದುಕೊಂಡರು. ಚಮಚವನ್ನು ಪಕ್ಕಕ್ಕೆ ಸರಿಸಿ, ಕೈಯಲ್ಲಿ ಕಲಸಿ, ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿ ಅಗಿದರು. ಇನ್ನೊಂದು ತುತ್ತು. ಮೂರನೆಯ ತುತ್ತಿಗೆ ನನ್ನ ಕಡೆ ತಿರುಗಿ, ಮನೆಯಲ್ಲಿ ನನಗೆ ಹೇಳುವ ದನಿಯಲ್ಲೇ, "ಉಪ್ಪು ಕಮ್ಮಿ" ಅಂದರು.

"ಉಪ್ಪು" ಅಂತ ಆಕೆ ತಟ್ಟನೆ ಎದ್ದರು, ಮುಖವೆಲ್ಲ ನಗುವಾಗಿ. ಉಪ್ಪಿನ ಡಬ್ಬಿ ತಂದು ಅತ್ತೆಯ ಮುಂದೆ ಹಿಡಿದರು. ಅತ್ತೆ ಚಿಟಿಕೆ ಹಾಕಿಕೊಂಡು ಕಲಸಿದರು. ತಟ್ಟೆ ಖಾಲಿಯಾಯಿತು. ಫ್ಲಾಸ್ಕಿನ ನೀರನ್ನು ಅತ್ತೆ ಎರಡು ಲೋಟಕ್ಕೆ ಬಗ್ಗಿಸಿ ಒಂದನ್ನು ಆಕೆಗೆ ಕೊಟ್ಟರು.

ಹಿಂದಿರುಗುವಾಗ ಟ್ರೇನಿನಲ್ಲಿ, ನಮ್ಮ ಸ್ಟೇಷನ್ನು ಹತ್ತಿರ ಬಂದಾಗ ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು:

"ಬರೋ ಭಾನುವಾರ ಆಕೆನ ನಮ್ಮನೇಗೆ ಕರಿ. ನಾನೇ ಮಾಡ್ತೀನಿ. ದೇವರಿಗೆ ಒಂದು ಬಟ್ಟಲು ಮೊದಲೇ ತೆಗೆದಿಟ್ಟುಬಿಡು. ಮಿಕ್ಕಿದ್ದನ್ನ ಆಕೆ ಎದುರಿಗೇ ನಾನು ಬಾಯಿಗೆ ಹಾಕ್ಕೊಂಡು, ಆಮೇಲೆ ಬಡಿಸ್ತೀನಿ."